ಡೋಪ್ ಟೆಸ್ಟ್ ಪಾಸಿಟಿವ್ ಬಂದರೆ ಮುಂದೇನು? ಪತ್ರ ಬಂದ ದಿನದಿಂದ ನಿಷೇಧ ಮುಗಿಯುವವರೆಗೆ

"ನಾಡಾದಿಂದ ಮೇಲ್ ಬಂದಿದೆ. ಎಷ್ಟು ವರ್ಷ ನಿಷೇಧ ಆಗುತ್ತೆ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಓಟಗಾರರು, ಕುಸ್ತಿಪಟುಗಳು, ಕಬಡ್ಡಿ ಆಡುವವರು ಇದ್ದಾರೆ. ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಮತ್ತು ಊರಿನ ಕೋಚ್‌ಗಳು ಇದ್ದಾರೆ. ಹೆಚ್ಚಿನವರು ಕೇಳುವ ಹೊತ್ತಿಗೆ ಪತ್ರ ಬಂದು ಎರಡು ಮೂರು ವಾರ ಆಗಿರುತ್ತದೆ. ಅಷ್ಟರಲ್ಲಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಬಹುದಾದ ಒಂದೆರಡು ಬಾಗಿಲು ಮುಚ್ಚಿಹೋಗಿರುತ್ತವೆ. ಅದಕ್ಕೇ ಇಡೀ ದಾರಿಯನ್ನು ಒಂದೇ ಕಡೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಎರಡು ಹೆಸರು ತಿಳಿದುಕೊಳ್ಳಿ. ವಾಡಾ ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ. 1999ರಲ್ಲಿ ಶುರುವಾಯಿತು, ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ನಾಡಾ ಅಂದರೆ ನಮ್ಮ ದೇಶದ ಸಂಸ್ಥೆ, ದೆಹಲಿಯಲ್ಲಿದೆ, 2005ರಿಂದ ಇದೆ. ವಾಡಾ ಬರೆದ ಸಂಹಿತೆಯನ್ನೇ ನಾಡಾ ತನ್ನ ನಿಯಮಗಳಲ್ಲಿ ಪಾಲಿಸುತ್ತದೆ. ಇಲ್ಲಿ ಹೇಳುವ ಲೆಕ್ಕವೆಲ್ಲ 2021ರ ಸಂಹಿತೆಯದು. 2027ರ ಜನವರಿ 1ರಿಂದ ಹೊಸ ಸಂಹಿತೆ ಜಾರಿಗೆ ಬರುತ್ತದೆ. ಆಮೇಲೆ ಓದುವವರು ಅಂಕಿಗಳನ್ನು ಒಮ್ಮೆ ಹೋಲಿಸಿ ನೋಡಿ.

ಇದು ಅಪರೂಪದ ಸಂಗತಿ ಅಂದುಕೊಳ್ಳಬೇಡಿ. 2024ರಲ್ಲಿ ನಾಡಾ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260 ಪಾಸಿಟಿವ್ ಬಂದವು. ಜಾಸ್ತಿ ಪರೀಕ್ಷೆ ಮಾಡುವ ದೇಶಗಳ ಸಾಲಿನಲ್ಲಿ ಇದು ತೀರಾ ಹೆಚ್ಚಿನ ಪ್ರಮಾಣ.

ಇನ್ನೊಂದು ಭಯವನ್ನೂ ಈಗಲೇ ಬಿಡಿಸುತ್ತೇನೆ. ಪಾಸಿಟಿವ್ ಬಂದ ಮಾತ್ರಕ್ಕೆ ಜೈಲಿಲ್ಲ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಇದನ್ನು ಕ್ರೀಡಾ ಶಿಸ್ತಿನ ವಿಷಯವಾಗಿ ನೋಡುತ್ತದೆ. ಶಿಕ್ಷೆ ಅಂದರೆ ಆಡುವ ಹಕ್ಕು, ಫಲಿತಾಂಶ, ಪದಕ ಮತ್ತು ಬಹುಮಾನದ ಹಣ ಹೋಗುವುದು. ಕೆಲವೊಮ್ಮೆ ದಂಡವೂ ಇರಬಹುದು.

ಮೊದಲು ಇವನ್ನು ಒಂದು ಕಡೆ ಇಡಿ

ನಾಡಾದ ಪತ್ರ ಅಥವಾ ಮೇಲ್, ಅದು ಬಂದ ದಿನಾಂಕ ಮತ್ತು ಸಮಯದ ಸಮೇತ. ಮೂತ್ರದ ಮಾದರಿ ಕೊಟ್ಟ ದಿನ ನಿಮಗೆ ಕೊಟ್ಟ ಡೋಪ್ ಕಂಟ್ರೋಲ್ ಫಾರಂನ ಪ್ರತಿ. ಆ ಹಿಂದಿನ ಎರಡು ಮೂರು ತಿಂಗಳಲ್ಲಿ ತೆಗೆದುಕೊಂಡ ಮಾತ್ರೆ, ಸಿರಪ್, ಇಂಜೆಕ್ಷನ್, ಪ್ರೋಟೀನ್ ಪೌಡರ್, ಆಯುರ್ವೇದದ ಲೇಹ್ಯ, ಎಲ್ಲದರ ಬಿಲ್ಲು, ಚೀಟಿ, ಖಾಲಿ ಡಬ್ಬ. ಡಬ್ಬ ಎಸೆಯಬೇಡಿ. ಗಾಬರಿಯಲ್ಲಿ ಮನೆಯವರು ಮೊದಲು ಮಾಡುವ ಕೆಲಸ ಅದೇ. ಆ ಡಬ್ಬದ ಮೇಲಿನ ಬ್ಯಾಚ್ ನಂಬರೇ ನಿಮ್ಮ ದೊಡ್ಡ ಸಾಕ್ಷಿ ಆಗಬಹುದು.

ಹಂತ 1: ಪತ್ರವನ್ನು ಪೂರ್ತಿ ಓದಿ, ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ

ಪತ್ರ ಇಂಗ್ಲಿಷಿನಲ್ಲಿರುತ್ತದೆ, ಕಾನೂನಿನ ಧಾಟಿಯಲ್ಲಿರುತ್ತದೆ. ಅರ್ಥ ಆಗದಿದ್ದರೆ ಓದಬಲ್ಲವರ ಹತ್ತಿರ ಕೂತು ಓದಿಸಿಕೊಳ್ಳಿ. ಸುಮ್ನೆ ಮಡಚಿ ಇಡಬೇಡಿ. ನೋಡಬೇಕಾದದ್ದು ಇಷ್ಟು: ಯಾವ ಪದಾರ್ಥ ಸಿಕ್ಕಿದೆ, ಅದು ಯಾವ ಗುಂಪಿನದು, ನಿಮ್ಮನ್ನು ಅಮಾನತು ಮಾಡಿದ್ದಾರಾ, ಉತ್ತರಕ್ಕೆ ಕೊನೆಯ ದಿನ ಯಾವುದು.

ಗುಂಪು ಯಾವುದು ಅನ್ನುವುದು ಎಲ್ಲಕ್ಕಿಂತ ಮುಖ್ಯ. ನಿಷೇಧಿತ ಪಟ್ಟಿಯಲ್ಲಿ ಎರಡು ಬಗೆಯ ಪದಾರ್ಥ ಇವೆ. ಒಂದನ್ನು ಸ್ಪೆಸಿಫೈಡ್ ಅನ್ನುತ್ತಾರೆ. ಕೆಮ್ಮಿನ ಸಿರಪ್, ಆಸ್ತಮಾ ಔಷಧ, ಬಿಪಿ ಮಾತ್ರೆ ಇಂಥವುಗಳ ಮೂಲಕ ಅರಿವಿಲ್ಲದೆ ಮೈ ಸೇರುವ ಸಾಧ್ಯತೆ ಇರುವ ಪದಾರ್ಥಗಳು ಇವು. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಫ್ಯೂರೊಸೆಮೈಡ್, ಶೀತ ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬ್ಯುಟಲಿನ್, ಪ್ರೆಡ್ನಿಸೊಲೋನ್ ಮಾತ್ರೆ ಈ ಗುಂಪಿನವು. ಇನ್ನೊಂದು ನಾನ್-ಸ್ಪೆಸಿಫೈಡ್. ಸ್ನಾಯು ಬೆಳೆಸುವ (ಅನಾಬಾಲಿಕ್) ಸ್ಟೆರಾಯ್ಡ್‌ಗಳು, ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಥರದ ಹಾರ್ಮೋನುಗಳು, ಕೆಲವು ಉತ್ತೇಜಕಗಳು ಇಲ್ಲಿ ಬರುತ್ತವೆ. ಜಿಮ್‌ಗಳಲ್ಲಿ 'ತಾಕತ್ತಿನ ಇಂಜೆಕ್ಷನ್' ಅಂತ ಚುಚ್ಚುವ ಮೆಫೆಂಟರ್ಮಿನ್ ಕೂಡ ಈ ಎರಡನೇ ಗುಂಪಿನದು. ಎರಡನೇ ಗುಂಪಿನಲ್ಲಿ ಸಿಕ್ಕಿಬಿದ್ದರೆ ಲೆಕ್ಕ 4 ವರ್ಷದಿಂದ ಶುರು. ಮೊದಲ ಗುಂಪಿನಲ್ಲಿ 2 ವರ್ಷದಿಂದ ಶುರು.

ಇನ್ನು ಒಂದು ನಿಯಮವನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು. ಅದಕ್ಕೆ ಕಟ್ಟುನಿಟ್ಟಿನ ಹೊಣೆ ಅನ್ನುತ್ತಾರೆ. ನಿಮ್ಮ ಮೈಯಲ್ಲಿ ನಿಷೇಧಿತ ಪದಾರ್ಥ ಸಿಕ್ಕರೆ ಸಾಕು, ಉಲ್ಲಂಘನೆ ಆಯಿತು. ಬೇಕೆಂದೇ ತಗೊಂಡಿರಾ, ಗೊತ್ತಿತ್ತಾ, ಯಾರು ಕೊಟ್ಟರು, ಇವೆಲ್ಲ ಶಿಕ್ಷೆ ಎಷ್ಟು ಅನ್ನುವಾಗ ಬರುವ ಪ್ರಶ್ನೆಗಳು. ಉಲ್ಲಂಘನೆ ಆಗಿದೆಯಾ ಅನ್ನುವುದಕ್ಕೆ ಅವು ಬೇಡ. "ನನಗೆ ಗೊತ್ತಿರಲಿಲ್ಲ ಸರ್" ಅಂತ ಒಂದು ಸಾಲಿನ ಉತ್ತರ ಕಳಿಸಿ ಸುಮ್ಮನೆ ಕೂರುವವರು ಇಲ್ಲಿಯೇ ಎಡವುತ್ತಾರೆ.

ಹಂತ 2: ಆಟ ನಿಲ್ಲಿಸಿ, ಇವತ್ತೇ

ನಾನ್-ಸ್ಪೆಸಿಫೈಡ್ ಪದಾರ್ಥ ಸಿಕ್ಕರೆ ತಾತ್ಕಾಲಿಕ ಅಮಾನತು ಕಡ್ಡಾಯ. ಅಂದರೆ ತೀರ್ಪು ಬರುವ ಮೊದಲೇ ಆಡುವಂತಿಲ್ಲ. ಸ್ಪೆಸಿಫೈಡ್ ಆದರೆ ನಾಡಾ ಅಮಾನತು ಮಾಡಬಹುದು, ಬಿಡಬಹುದು. ಮಾಡದಿದ್ದರೂ ನೀವಾಗಿಯೇ ಬರೆದು ಕೊಟ್ಟು ಅಮಾನತು ಒಪ್ಪಿಕೊಳ್ಳುವ ಅವಕಾಶ ಇದೆ. ಎಷ್ಟೋ ಜನ ಇದನ್ನು ಬಳಸುವುದಿಲ್ಲ. ನಷ್ಟ ಅವರದ್ದೇ. ಅಮಾನತಿನಲ್ಲಿ ಕಳೆದ ದಿನಗಳು ಕೊನೆಯಲ್ಲಿ ಬರುವ ನಿಷೇಧದ ಲೆಕ್ಕದಲ್ಲಿ ಕಳೆಯುತ್ತವೆ. ಎಂಟು ತಿಂಗಳು ವಿಚಾರಣೆ ನಡೆದು 2 ವರ್ಷ ನಿಷೇಧ ಬಂತು ಅನ್ನಿ. ಅಷ್ಟೂ ದಿನ ಅಮಾನತನ್ನು ಸರಿಯಾಗಿ ಪಾಲಿಸಿದ್ದರೆ ಇನ್ನು ಉಳಿಯುವುದು 16 ತಿಂಗಳು ಮಾತ್ರ.

ಪಾಲಿಸದಿದ್ದರೆ ಒಂದು ದಿನವೂ ಕಳೆಯುವುದಿಲ್ಲ. "ಇದು ಬರೀ ಊರಿನ ಟೂರ್ನಮೆಂಟ್, ಯಾರು ನೋಡ್ತಾರೆ" ಅಂತ ಕಬಡ್ಡಿಗೋ ದಸರಾ ಕ್ರೀಡಾಕೂಟಕ್ಕೋ ಇಳಿದರೆ ಫೋಟೋ ಅದೇ ಸಂಜೆ ವಾಟ್ಸಾಪ್‌ನಲ್ಲಿರುತ್ತದೆ. ಸಂಘ, ಫೆಡರೇಷನ್ ಅಥವಾ ಅವುಗಳ ಸದಸ್ಯ ಕ್ಲಬ್ ನಡೆಸುವ ಯಾವುದೇ ಕೂಟ ನಿಮಗೆ ನಿಷಿದ್ಧ.

ಹಂತ 3: ಬಿ ಸ್ಯಾಂಪಲ್ ಬೇಕಾ ಅಂತ ಯೋಚಿಸಿ

ಮಾದರಿ ಕೊಟ್ಟ ದಿನ ನಿಮ್ಮ ಮೂತ್ರವನ್ನು ಎ, ಬಿ ಅಂತ ಎರಡು ಬಾಟಲಿಗೆ ಸುರಿದು ಸೀಲ್ ಮಾಡಿದ್ದು ನೆನಪಿದೆಯಲ್ವಾ? ಪಾಸಿಟಿವ್ ಬಂದದ್ದು ಎ ಬಾಟಲಿ. ಬಿ ಬಾಟಲಿ ಹಾಗೇ ಇದೆ. ಅದನ್ನು ನಿಮ್ಮ ಅಥವಾ ನಿಮ್ಮ ಪ್ರತಿನಿಧಿಯ ಎದುರೇ ತೆರೆದು ಪರೀಕ್ಷೆ ಮಾಡಿಸುವ ಹಕ್ಕು ನಿಮಗಿದೆ. ಪತ್ರದಲ್ಲಿ ಹೇಳಿದ ದಿನದೊಳಗೆ ಕೇಳಬೇಕು. ಕೇಳದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ಖರ್ಚು ಸಾಮಾನ್ಯವಾಗಿ ನಿಮ್ಮದೇ. ಬಿ ಯಲ್ಲಿ ಆ ಪದಾರ್ಥ ಸಿಗದಿದ್ದರೆ ಎ ಫಲಿತಾಂಶದ ಮೇಲೆ ನಿಂತ ಕೇಸು ಬಿದ್ದುಹೋಗುತ್ತದೆ.

ಆದರೆ ಹಾಗಾಗುವುದು ತುಂಬಾ ಅಪರೂಪ. ನೀವು ತಗೊಂಡದ್ದು ನಿಮಗೇ ಗೊತ್ತಿದ್ದರೆ ಬಿ ಸ್ಯಾಂಪಲ್‌ಗೆ ಹಣ ಸುರಿಯುವ ಬದಲು ಆ ಹಣ, ಆ ದಿನಗಳನ್ನು ಮುಂದಿನ ಹಂತಕ್ಕೆ ಇಡಿ. ಪದಾರ್ಥದ ಹೆಸರೇ ಕೇಳಿಲ್ಲ, ಎಲ್ಲಿಂದ ಬಂತೆಂದು ತಲೆಬುಡ ತಿಳಿಯುತ್ತಿಲ್ಲ ಅನ್ನುವವರು ಬಿ ಪರೀಕ್ಷೆ ಮಾಡಿಸಿ ಅಂತ ಕೇಳಿ. ಜೊತೆಗೆ ಲ್ಯಾಬ್‌ನ ದಾಖಲೆಗಳ ಪ್ರತಿ ಕೇಳುವ ಹಕ್ಕೂ ನಿಮಗಿದೆ.

ಹಂತ 4: ಅದು ಮೈಗೆ ಹೇಗೆ ಬಂತು ಅಂತ ಹುಡುಕಿ

ಇಡೀ ಪ್ರಕರಣದ ಜೀವ ಇಲ್ಲಿದೆ. ವಿಚಾರಣೆಯ ದಿನ ಮಾತು ಚೆನ್ನಾಗಿ ಆಡಿದವರಿಗಿಂತ ಈ ಹಂತದಲ್ಲಿ ಕಾಗದ ಕೂಡಿಹಾಕಿದವರೇ ಕಡಿಮೆ ಶಿಕ್ಷೆಯಲ್ಲಿ ಹೊರಬರುತ್ತಾರೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಶಿಕ್ಷೆ ಕಡಿಮೆ ಮಾಡುವ ಹೆಚ್ಚಿನ ದಾರಿಗಳಿಗೆ ಒಂದೇ ಬೀಗ: ಪದಾರ್ಥ ಮೈಗೆ ಹೇಗೆ ಬಂತು ಅಂತ ನೀವು ತೋರಿಸಬೇಕು. ನೂರಕ್ಕೆ ನೂರು ಸಾಬೀತು ಬೇಕಿಲ್ಲ. ಹೀಗಾಗಿರುವ ಸಾಧ್ಯತೆಯೇ ಜಾಸ್ತಿ ಅನ್ನುವಷ್ಟು ಸಾಕ್ಷಿ ಬೇಕು. ಆದರೆ ಅದು ಸಾಕ್ಷಿ ಆಗಿರಬೇಕು, ಊಹೆ ಆಗಿರಬಾರದು.

ಹುಡುಕುವಾಗ ಈ ಕ್ರಮದಲ್ಲಿ ಹೋಗಿ.

ಮೊದಲು ಡಾಕ್ಟರು ಕೊಟ್ಟ ಔಷಧ. ಮಾದರಿ ಕೊಟ್ಟ ದಿನದ ಫಾರಂನಲ್ಲಿ ಹಿಂದಿನ 7 ದಿನ ತಗೊಂಡ ಔಷಧ, ಸಪ್ಲಿಮೆಂಟ್ ಬರೆಯುವ ಜಾಗ ಇರುತ್ತದೆ. ನೀವು ಅಲ್ಲಿ ಆ ಔಷಧವನ್ನು ಬರೆದಿದ್ದರೆ ಒಳ್ಳೆಯ ಸಾಕ್ಷಿ. ಬರೆಯದಿದ್ದರೆ ಕೇಸೇನೂ ಮುಗಿಯುವುದಿಲ್ಲ, ಆದರೆ ಯಾಕೆ ಬರೆಯಲಿಲ್ಲ ಅನ್ನುವುದಕ್ಕೆ ಉತ್ತರ ಇರಬೇಕು. ಡಾಕ್ಟರ ಚೀಟಿ, ಆಸ್ಪತ್ರೆಯ ಹೊರರೋಗಿ ದಾಖಲೆ, ಮೆಡಿಕಲ್ ಅಂಗಡಿಯ ಬಿಲ್ಲು, ಆ ದಿನದ ಯುಪಿಐ ಪಾವತಿ, ಇವೆಲ್ಲ ಸೇರಿಸಿ. ದಿನಾಂಕಗಳು ಒಂದಕ್ಕೊಂದು ಹೊಂದಬೇಕು.

ಕ್ರಿಕೆಟಿಗ ಪೃಥ್ವಿ ಶಾ ಪ್ರಕರಣ ನೆನಪು ಮಾಡಿಕೊಳ್ಳಿ. 2019ರ ಫೆಬ್ರವರಿ 22ರಂದು ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ನಡೆಯುವಾಗ ಕೊಟ್ಟ ಮಾದರಿಯಲ್ಲಿ ಟರ್ಬ್ಯುಟಲಿನ್ ಸಿಕ್ಕಿತು. ಕೆಮ್ಮಿಗೆ ಅಂಗಡಿಯಲ್ಲಿ ಸಿರಪ್ ಕೊಂಡು ಕುಡಿದದ್ದು ಅಂತ ಅವರು ಹೇಳಿದರು. ಆಗ ಕ್ರಿಕೆಟ್ ಮಂಡಳಿ ನಾಡಾ ಕೆಳಗೆ ಬಂದಿರಲಿಲ್ಲ, ತಾನೇ ವಿಚಾರಣೆ ಮಾಡುತ್ತಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ಮಂಡಳಿ ಒಪ್ಪಿತು. ಆದರೂ 8 ತಿಂಗಳು ನಿಷೇಧ ಹಾಕಿತು. ಯೂಸುಫ್ ಪಠಾಣ್‌ಗೂ ಅದೇ ಪದಾರ್ಥಕ್ಕೆ 5 ತಿಂಗಳು ಬಿದ್ದಿತ್ತು. ಅರಿವಿಲ್ಲದ ತಪ್ಪು ಅಂತ ಒಪ್ಪಿದ ಮೇಲೂ ತಿಂಗಳುಗಟ್ಟಲೆ ಶಿಕ್ಷೆ ಇರುತ್ತದೆ ಅಂತ ಇದರಿಂದ ತಿಳಿಯಿರಿ.

ಎರಡನೆಯದು ಟಿಯುಇ. ಹೀಗಂದರೆ ಚಿಕಿತ್ಸೆಗಾಗಿ ನಿಷೇಧಿತ ಔಷಧ ಬಳಸಲು ಕೊಡುವ ಅನುಮತಿ. ಇದನ್ನು ಮೊದಲೇ ತಗೊಂಡಿರಬೇಕು. ಆದರೆ ತುರ್ತು ಚಿಕಿತ್ಸೆ ಆಗಿದ್ದರೆ ಆಮೇಲೆ ಕೇಳುವ ಅವಕಾಶ ಇದೆ. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದವರಲ್ಲದ ಕ್ರೀಡಾಪಟುಗಳಿಗೂ ಪಾಸಿಟಿವ್ ಬಂದ ಮೇಲೆ ಹಿಂದಿನ ದಿನಾಂಕಕ್ಕೆ ಅನ್ವಯಿಸುವಂತೆ ಅರ್ಜಿ ಹಾಕಲು ಅವಕಾಶ ಇರಬಹುದು. ಜಿಲ್ಲೆ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡುವವರು ಇದನ್ನು ತಪ್ಪದೆ ವಿಚಾರಿಸಿ. ಅನುಮತಿ ಸಿಕ್ಕರೆ ಉಲ್ಲಂಘನೆಯೇ ಇರುವುದಿಲ್ಲ.

ಮೂರನೆಯದು ಸಪ್ಲಿಮೆಂಟ್. ಡಬ್ಬದ ಮೇಲೆ ಬರೆಯದ ಪದಾರ್ಥ ಒಳಗಿದ್ದರೆ ಅದನ್ನು ಕಲಬೆರಕೆಯಾದ ಉತ್ಪನ್ನ ಅನ್ನುತ್ತಾರೆ. ಹಾಗೆ ತೋರಿಸಲು ಉಳಿದ ಪುಡಿ, ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಡಬ್ಬ, ಕೊಂಡ ಬಿಲ್ಲು ಬೇಕಾಗುತ್ತದೆ. ನೀವು ತೆರೆದ ಡಬ್ಬದಲ್ಲಿ ಸಿಕ್ಕಿದರೆ ನೀವೇ ಬೆರೆಸಿರಬಹುದಲ್ವಾ ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಸೀಲ್ ಇರುವ ಡಬ್ಬಕ್ಕೆ ಬೆಲೆ ಜಾಸ್ತಿ. ಡಬ್ಬದ ಲೇಬಲ್ ಮೇಲೇ ಆ ಪದಾರ್ಥದ ಹೆಸರಿದ್ದರೆ ಈ ವಾದ ನಡೆಯುವುದಿಲ್ಲ. 'ಓದಿಲ್ಲ' ಅಂದರೆ ನಿಮ್ಮದೇ ಅಜಾಗ್ರತೆ.

ನಾಲ್ಕನೆಯದು ಕೋಚ್ ಅಥವಾ ಜಿಮ್‌ನವರು ಕೊಟ್ಟದ್ದು. ಇದನ್ನು ಹೇಳಲು ಹುಡುಗರು ಹೆದರುತ್ತಾರೆ. ನನ್ನ ಮಾತು ಕೇಳಿ, ಹೆದರಬೇಡಿ. ನಿಷೇಧಿತ ಮದ್ದು ಕೊಟ್ಟವರಿಗೆ, ಮಾರಿದವರಿಗೆ 4 ವರ್ಷದಿಂದ ಆಜೀವ ನಿಷೇಧದವರೆಗೆ ಶಿಕ್ಷೆ ಇದೆ. ಅವರ ಬಗ್ಗೆ ನೀವು ಪೂರ್ತಿ ಮಾಹಿತಿ ಕೊಟ್ಟು ಅದು ಪ್ರಕರಣ ಬಯಲಾಗಲು ನೆರವಾದರೆ ನಿಮ್ಮ ಶಿಕ್ಷೆಯ ಮುಕ್ಕಾಲು ಪಾಲಿನವರೆಗೂ ತಡೆಹಿಡಿಯಬಹುದು. ಹದಿನೇಳರ ಹುಡುಗಿ 4 ವರ್ಷ ಮನೆಯಲ್ಲಿ ಕೂತು, ಇಂಜೆಕ್ಷನ್ ಚುಚ್ಚಿದವನು ಮರುದಿನವೇ ಮುಂದಿನ ಬ್ಯಾಚ್ ತಯಾರು ಮಾಡುವುದು ನನಗೆ ಸಹಿಸಲು ಆಗದ ಸಂಗತಿ.

ಇಲ್ಲಿ ದೊಡ್ಡ ಎಚ್ಚರಿಕೆ ಇದೆ. ಕಥೆ ಕಟ್ಟಬೇಡಿ. ಹಳೇ ದಿನಾಂಕ ಹಾಕಿಸಿದ ಚೀಟಿ, ಪರಿಚಯದ ಡಾಕ್ಟರಿಂದ ಬರೆಸಿದ ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಅದು ಟ್ಯಾಂಪರಿಂಗ್, ಅಂದರೆ ವಂಚನೆಯಿಂದ ತನಿಖೆಯ ದಾರಿ ತಪ್ಪಿಸುವುದು, ಅನ್ನುವ ಬೇರೆಯದೇ ಉಲ್ಲಂಘನೆ. ಅದೊಂದಕ್ಕೇ 4 ವರ್ಷ. ಮೊದಲ ಶಿಕ್ಷೆಯ ಮೇಲೆ ಇದೂ ಸೇರುತ್ತದೆ.

"ಯಾರೋ ಊಟದಲ್ಲಿ ಬೆರೆಸಿದ್ದಾರೆ" ಅನ್ನುವ ವಾದವೂ ಬರೀ ಮಾತಿನಲ್ಲಿ ನಿಲ್ಲುವುದಿಲ್ಲ. 2016ರಲ್ಲಿ ಕುಸ್ತಿಪಟು ನರಸಿಂಗ್ ಯಾದವ್ ಮಾದರಿಯಲ್ಲಿ ಮೆಥಾಂಡಿನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಬೇಕೆಂದೇ ಯಾರೋ ಬೆರೆಸಿದ್ದಾರೆ ಅನ್ನುವ ಅವರ ಮಾತನ್ನು ನಾಡಾ ಸಮಿತಿ ಒಪ್ಪಿ ಬಿಟ್ಟುಬಿಟ್ಟಿತು. ವಾಡಾ ಮೇಲ್ಮನವಿ ಹಾಕಿತು. ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಕುಸ್ತಿಗೆ ಮುನ್ನ ಆಗಸ್ಟ್ 18ರಂದು ಕ್ರೀಡಾ ನ್ಯಾಯಮಂಡಳಿ (ಕ್ರೀಡಾ ವಿವಾದಗಳ ಅಂತರರಾಷ್ಟ್ರೀಯ ನ್ಯಾಯಾಲಯ, ಸಿಎಎಸ್) ಸಾಕ್ಷಿ ಇಲ್ಲವೆಂದು 4 ವರ್ಷ ನಿಷೇಧ ಹಾಕಿತು.

ಹಂತ 5: ನಿಮ್ಮ ಶಿಕ್ಷೆ ಎಷ್ಟಾಗಬಹುದು ಅಂತ ಲೆಕ್ಕ ಹಾಕಿ

ಮೊದಲ ಬಾರಿಯ ಉಲ್ಲಂಘನೆಗೆ ಲೆಕ್ಕ ಹೀಗಿದೆ.

ನಾನ್-ಸ್ಪೆಸಿಫೈಡ್ ಪದಾರ್ಥ: 4 ವರ್ಷ. ಬೇಕೆಂದು ಮಾಡಿಲ್ಲ ಅಂತ ನೀವು ತೋರಿಸಿದರೆ 2 ವರ್ಷ. ತೋರಿಸುವ ಭಾರ ನಿಮ್ಮ ಮೇಲೆ.

ಸ್ಪೆಸಿಫೈಡ್ ಪದಾರ್ಥ: 2 ವರ್ಷ. ಬೇಕೆಂದೇ ಮಾಡಿದ್ದು ಅಂತ ನಾಡಾ ತೋರಿಸಿದರೆ 4 ವರ್ಷ. ಇಲ್ಲಿ ಭಾರ ನಾಡಾ ಮೇಲೆ. ಗುಂಪು ಮುಖ್ಯ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಇದರಿಂದ ಇಳಿಯುವುದು ಹೇಗೆ? ನಿಮ್ಮ ತಪ್ಪು ದೊಡ್ಡದಲ್ಲ ಅಂತ ಸಾಬೀತಾದರೆ ಸ್ಪೆಸಿಫೈಡ್ ಪದಾರ್ಥ ಮತ್ತು ಕಲಬೆರಕೆಯಾದ ಉತ್ಪನ್ನದ ಪ್ರಕರಣಗಳಲ್ಲಿ ಬರೀ ಎಚ್ಚರಿಕೆಯಿಂದ 2 ವರ್ಷದವರೆಗೆ ಎಷ್ಟು ಬೇಕಾದರೂ ಆಗಬಹುದು. ಉಳಿದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಿಮ್ಮ ತಪ್ಪೇ ಇಲ್ಲ ಅಂತ ಸಾಬೀತಾದರೆ ನಿಷೇಧವೇ ಇಲ್ಲ. ಆದರೆ ಇದು ತೀರಾ ವಿರಳ. ಡಾಕ್ಟರು ಕೊಟ್ಟರು, ಕೋಚ್ ಕೊಟ್ಟರು ಅನ್ನುವುದು 'ತಪ್ಪೇ ಇಲ್ಲ' ಅನ್ನುವುದಕ್ಕೆ ಸಾಲುವುದಿಲ್ಲ. ಅವರನ್ನು ಆರಿಸಿಕೊಂಡದ್ದು ನೀವು ಅಂತ ನಿಯಮ ನೋಡುತ್ತದೆ.

ಗಾಂಜಾ, ಕೊಕೇನ್, ಹೆರಾಯಿನ್, ಎಂಡಿಎಂಎ ಇವಕ್ಕೆ ಬೇರೆ ಲೆಕ್ಕ. ಸ್ಪರ್ಧೆಯ ಹೊರಗೆ ತಗೊಂಡದ್ದು, ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ತೋರಿಸಿದರೆ 3 ತಿಂಗಳು. ನಾಡಾ ಒಪ್ಪಿದ ಚಿಕಿತ್ಸೆ ಮುಗಿಸಿದರೆ 1 ತಿಂಗಳಿಗೆ ಇಳಿಯಬಹುದು. 'ಸ್ಪರ್ಧೆಯ ಒಳಗೆ' ಅನ್ನುವುದು ಸ್ಪರ್ಧೆಯ ಹಿಂದಿನ ರಾತ್ರಿ 11:59ಕ್ಕೇ ಶುರುವಾಗುತ್ತದೆ.

ಮಾದರಿ ಕೊಡದೆ ಓಡಿಹೋದರೆ, ಕೊಡುವುದಿಲ್ಲ ಅಂದರೆ 4 ವರ್ಷ. ಸ್ಟೆರಾಯ್ಡ್ ಸಿಕ್ಕಿಬಿದ್ದಷ್ಟೇ ಶಿಕ್ಷೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾ ಅಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿದ ಮೇಲೆ ಪುರುಷರ 100 ಮೀಟರ್ ಫೈನಲ್‌ಗೆ ಒಬ್ಬನೇ ಓಟಗಾರ ಬಂದಿದ್ದ. ಓಡಿಹೋಗುವುದು ಜಾಣತನ ಅಂತ ಯಾರಾದರೂ ಹೇಳಿಕೊಟ್ಟರೆ ನಂಬಬೇಡಿ. ಅಧಿಕಾರಿ ನಿಮಗೆ ವಿಷಯ ತಿಳಿಸಿ ಆಗಿದ್ದರೆ ಅಲ್ಲಿಂದ ಹೊರಟದ್ದೇ ಉಲ್ಲಂಘನೆ. ಕುಸ್ತಿಪಟು ಬಜರಂಗ್ ಪೂನಿಯಾಗೆ 2024ರ ನವೆಂಬರ್‌ನಲ್ಲಿ ನಾಡಾ ಶಿಸ್ತು ಸಮಿತಿ 4 ವರ್ಷ ನಿಷೇಧ ಹಾಕಿದ್ದು ಮಾದರಿ ಕೊಡದ ಕಾರಣಕ್ಕೇ.

ಎಲ್ಲಿದ್ದೀರಿ ಅನ್ನುವ ಮಾಹಿತಿ ಕೊಡಬೇಕಾದ ಪಟ್ಟಿಯಲ್ಲಿರುವವರು ದಿನಕ್ಕೆ 60 ನಿಮಿಷದ ಒಂದು ಸಮಯ ಹೇಳಿ ಅಲ್ಲಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ 2 ವರ್ಷ. ತಪ್ಪು ಸಣ್ಣದಾದರೆ 1 ವರ್ಷದವರೆಗೆ ಇಳಿಯಬಹುದು.

ಎರಡನೇ ಬಾರಿ ಸಿಕ್ಕಿಬಿದ್ದರೆ ಲೆಕ್ಕ ಬಹಳ ಏರುತ್ತದೆ. ಮೂರನೇ ಬಾರಿಗೆ ಸಾಮಾನ್ಯವಾಗಿ ಆಜೀವ ನಿಷೇಧ.

ನಿಷೇಧದ ಜೊತೆಗೆ, ಮಾದರಿ ಕೊಟ್ಟ ದಿನದಿಂದ ಅಮಾನತಿನವರೆಗೆ ಗೆದ್ದ ಪದಕ, ಅಂಕ, ಬಹುಮಾನದ ಹಣ ಎಲ್ಲ ಹೋಗುತ್ತವೆ. ರಿಲೇಯಲ್ಲಿ ಒಬ್ಬರು ಸಿಕ್ಕಿಬಿದ್ದರೂ ತಂಡದ ಪದಕ ಹೋಗುತ್ತದೆ.

ಹಂತ 6: 20 ದಿನದ ತೀರ್ಮಾನ

ಮೊದಲ ಪತ್ರ, ನಿಮ್ಮ ವಿವರಣೆ ಎಲ್ಲ ಆದ ಮೇಲೆ ನಾಡಾ ಆರೋಪ ಪತ್ರ ಕಳಿಸುತ್ತದೆ. ಅದರಲ್ಲಿ ಎಷ್ಟು ಶಿಕ್ಷೆ ಕೇಳುತ್ತಿದ್ದಾರೆ ಅಂತ ಇರುತ್ತದೆ. ಅದು ಬಂದ ದಿನದಿಂದ 20 ದಿನದೊಳಗೆ ನೀವು ತೀರ್ಮಾನ ಮಾಡಬೇಕು. ಒಪ್ಪಿಕೊಳ್ಳುತ್ತೀರಾ, ವಿಚಾರಣೆ ಕೇಳುತ್ತೀರಾ?

4 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪ ಇದ್ದರೆ, ಈ 20 ದಿನದೊಳಗೆ ಉಲ್ಲಂಘನೆಯನ್ನೂ ಶಿಕ್ಷೆಯನ್ನೂ ಒಪ್ಪಿಕೊಂಡವರಿಗೆ 1 ವರ್ಷ ಕಡಿತ ಸಿಗುತ್ತದೆ. 4 ವರ್ಷ 3 ಆಗುತ್ತದೆ. 21ನೇ ದಿನ ಒಪ್ಪಿಕೊಂಡರೆ ಈ ಕಡಿತ ಇಲ್ಲ. ಸ್ಟೆರಾಯ್ಡ್ ತಗೊಂಡದ್ದು ನಿಜ, ಬೇರೆ ಸಾಕ್ಷಿ ಏನೂ ಇಲ್ಲ ಅನ್ನುವವರು ಇದನ್ನು ಬಿಟ್ಟುಕೊಟ್ಟು ಎರಡು ವರ್ಷ ವಾದ ಮಾಡಿ 4 ವರ್ಷ ತಗೊಳ್ಳುವುದನ್ನು ನೋಡಿದರೆ ಸಂಕಟ ಆಗುತ್ತದೆ. ಒಂದು ವರ್ಷ ಓಟಗಾರನಿಗೆ ಸಣ್ಣದಲ್ಲ. ಆದರೆ ಈ ಕಡಿತ ತಗೊಂಡರೆ ಬೇರೆ ಕಾರಣಕ್ಕೆ ಇನ್ನಷ್ಟು ಇಳಿಸಿ ಅಂತ ಕೇಳುವಂತಿಲ್ಲ. ಹಾಗಾಗಿ ಒಳ್ಳೆಯ ಸಾಕ್ಷಿ ಕೈಲಿರುವವರು ಅವಸರದಲ್ಲಿ ಸಹಿ ಹಾಕಬೇಡಿ.

ಇನ್ನೊಂದು ದಾರಿ ಇತ್ಯರ್ಥ ಒಪ್ಪಂದ. ನೀವು ಉಲ್ಲಂಘನೆ ಒಪ್ಪಿದ ಮೇಲೆ ನೀವು, ನಾಡಾ, ವಾಡಾ ಮೂವರೂ ಸೇರಿ ಶಿಕ್ಷೆಯನ್ನು ನಿಗದಿ ಮಾಡಿಕೊಳ್ಳುವುದು. ಇದರಲ್ಲಿ ನಿಷೇಧ ಶುರುವಾಗುವ ದಿನವನ್ನು ಮಾದರಿ ಕೊಟ್ಟ ದಿನದವರೆಗೂ ಹಿಂದಕ್ಕೆ ಹಾಕಬಹುದು. ಜಿಮ್ನಾಸ್ಟ್ ದೀಪಾ ಕರ್ಮಾಕರ್ ಪ್ರಕರಣ ಅಂತರರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು, ಹೀಗೇ ಇತ್ಯರ್ಥವಾಯಿತು. ಹಿಜೆನಮಿನ್ ಎಂಬ ಪದಾರ್ಥಕ್ಕೆ 21 ತಿಂಗಳು. ಸುದ್ದಿ ಹೊರಬಂದದ್ದು 2023ರ ಶುರುವಿನಲ್ಲಿ, ನಿಷೇಧ ಮುಗಿದದ್ದು ಅದೇ ವರ್ಷದ ಜುಲೈನಲ್ಲಿ. ಲೆಕ್ಕ 2021ರ ಅಕ್ಟೋಬರ್‌ನಲ್ಲಿ ಮಾದರಿ ಕೊಟ್ಟ ದಿನದಿಂದ ಹಿಡಿದಿದ್ದರು. 2024ರಲ್ಲಿ ಅವರು ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು.

20 ದಿನದಲ್ಲಿ ಏನೂ ಉತ್ತರ ಕೊಡದಿದ್ದರೆ? ಒಪ್ಪಿಕೊಂಡಂತೆ ಎಂದು ಪರಿಗಣಿಸಿ ಕೇಳಿದ ಶಿಕ್ಷೆಯನ್ನೇ ಹಾಕಬಹುದು. ಆ 1 ವರ್ಷದ ಕಡಿತವೂ ಸಿಗುವುದಿಲ್ಲ. ಎಲ್ಲ ತಪ್ಪುಗಳಲ್ಲಿ ಇದೇ ದೊಡ್ಡದು.

ಹಂತ 7: ವಿಚಾರಣೆ

ನಾಡಾದಿಂದ ಪ್ರತ್ಯೇಕವಾದ ಶಿಸ್ತು ಸಮಿತಿ ವಿಚಾರಣೆ ನಡೆಸುತ್ತದೆ. ಅದನ್ನು ಎಡಿಡಿಪಿ ಅಂತ ಕರೆಯುತ್ತಾರೆ. ಕಾನೂನು, ವೈದ್ಯಕೀಯ, ಕ್ರೀಡೆ ಗೊತ್ತಿರುವವರು ಅದರಲ್ಲಿರುತ್ತಾರೆ. ವಕೀಲರನ್ನು ಇಟ್ಟುಕೊಳ್ಳಬಹುದು, ಕಡ್ಡಾಯ ಅಲ್ಲ. ಇಟ್ಟುಕೊಳ್ಳುವುದಾದರೆ ಕ್ರೀಡಾ ಪ್ರಕರಣ ನಡೆಸಿದವರನ್ನು ಹುಡುಕಿ. ಜಮೀನಿನ ಕೇಸಿನ ಥರ ವಾಯಿದೆ ಕೇಳಿ ಎಳೆದರೆ ಇಲ್ಲಿ ನಿಮಗೇ ಪೆಟ್ಟು. ಇಂಗ್ಲಿಷ್ ಬಾರದಿದ್ದರೆ ಭಾಷಾಂತರ ಮಾಡುವವರನ್ನು ಕರೆದುಕೊಂಡು ಹೋಗಲು ಮುಂಚೆಯೇ ಬರೆದು ಕೇಳಿ. ಅರ್ಥವಾಗದ ಪ್ರಶ್ನೆಗೆ 'ಯಸ್ ಸರ್' ಅಂದದ್ದು ದಾಖಲೆಯಾಗಿ ಉಳಿಯುತ್ತದೆ.

ಸಮಿತಿ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ: ಎಷ್ಟು ವರ್ಷದಿಂದ ಆಡುತ್ತಿದ್ದೀರಿ, ಡೋಪಿಂಗ್ ಬಗ್ಗೆ ತರಬೇತಿ ಆಗಿತ್ತಾ, ಔಷಧದ ಹೆಸರನ್ನು ಎಲ್ಲಾದರೂ ಪರೀಕ್ಷಿಸಿದಿರಾ, ಡಾಕ್ಟರಿಗೆ ನಾನು ಕ್ರೀಡಾಪಟು ಅಂತ ಹೇಳಿದಿರಾ. ಕೊನೆಯ ಎರಡಕ್ಕೆ 'ಹೌದು' ಅನ್ನಲು ಆಗುವವರಿಗೂ ಆಗದವರಿಗೂ ಸಿಗುವ ಶಿಕ್ಷೆಯಲ್ಲಿ ತಿಂಗಳುಗಳ ಅಂತರ ಇರುತ್ತದೆ.

18 ತುಂಬದವರಿಗೆ ಕೆಲವು ರಕ್ಷಣೆ ಇದೆ. 16 ತುಂಬದವರು, ಮತ್ತು 18ರೊಳಗಿನ ಬಹುಪಾಲು ಮಕ್ಕಳು 'ರಕ್ಷಿತ ವ್ಯಕ್ತಿ' ಎಂಬ ವರ್ಗಕ್ಕೆ ಬರುತ್ತಾರೆ. ಅವರ ತಪ್ಪು ದೊಡ್ಡದಲ್ಲ ಅಂತಾದರೆ ಸ್ಟೆರಾಯ್ಡ್ ಪ್ರಕರಣದಲ್ಲೂ ಬರೀ ಎಚ್ಚರಿಕೆಯಿಂದ 2 ವರ್ಷದವರೆಗೆ ಆಗಬಹುದು. ಹೆಸರನ್ನು ಪ್ರಕಟಿಸುವುದು ಕಡ್ಡಾಯವಲ್ಲ. ಅಪ್ಪ ಅಮ್ಮ ಜೊತೆಗಿರಿ, ಕೋಚ್ ಒಬ್ಬರನ್ನೇ ಕಳಿಸಬೇಡಿ. ಮದ್ದು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಆ ಕೋಚೇ ಉತ್ತರ ಆಗಿದ್ದರೆ ಮಗು ಬಾಯಿ ಬಿಡುವುದಿಲ್ಲ.

ಹಂತ 8: ಮೇಲ್ಮನವಿ

ರಾಷ್ಟ್ರೀಯ ಮಟ್ಟದವರಿಗೆ ಮೇಲ್ಮನವಿ ಸಮಿತಿ ಇದೆ. ಅಂತರರಾಷ್ಟ್ರೀಯ ಮಟ್ಟದವರು ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಗಬೇಕು. ಅದಕ್ಕೆ 21 ದಿನದ ಗಡುವು. ರಾಷ್ಟ್ರೀಯ ಸಮಿತಿಯ ಗಡುವು ಎಷ್ಟು ಅಂತ ತೀರ್ಪು ಕೈಗೆ ಸಿಕ್ಕ ದಿನವೇ ನೋಡಿಕೊಳ್ಳಿ.

ಕಡಿಮೆ ಶಿಕ್ಷೆ ಸಿಕ್ಕಿತು ಅಂತ ಅಲ್ಲಿಗೆ ನಿಶ್ಚಿಂತೆ ಬೇಡ. ಮೇಲ್ಮನವಿ ಹಾಕುವ ಹಕ್ಕು ನಾಡಾಗೂ ಇದೆ, ಅಂತರರಾಷ್ಟ್ರೀಯ ಫೆಡರೇಷನ್‌ಗೂ ಇದೆ, ವಾಡಾಗೂ ಇದೆ. ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ಪ್ರಕರಣ ಕನ್ನಡಿಗರಿಗೆ ಮರೆತಿರಲಿಕ್ಕಿಲ್ಲ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಮತ್ತು ಗುವಾಂಗ್‌ಜೌ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದ ರಿಲೇ ತಂಡದ ಓಟಗಾರ್ತಿಯರು 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯ ಸಪ್ಲಿಮೆಂಟ್‌ನಿಂದ ಬಂತು ಅನ್ನುವುದು ಅವರ ವಾದ. ಇಲ್ಲಿನ ಸಮಿತಿ ತಪ್ಪು ದೊಡ್ಡದಲ್ಲ ಅಂತ 1 ವರ್ಷ ಕೊಟ್ಟಿತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಸ್ಟೆರಾಯ್ಡ್‌ಗೆ ಆಗಿನ ಸಾಮಾನ್ಯ ಶಿಕ್ಷೆಯೇ 2 ವರ್ಷ. 2015ರಿಂದ ಅದು 4 ಆಯಿತು. 2010ರ ಪದಕಗಳು ಉಳಿದವು, ಯಾಕೆಂದರೆ ಅವು ಮಾದರಿ ಕೊಟ್ಟ ದಿನಕ್ಕಿಂತ ಹಿಂದಿನವು.

ಹಂತ 9: ನಿಷೇಧದ ದಿನಗಳಲ್ಲಿ

ನಿಷೇಧ ಬರೀ ಆಡುವುದಕ್ಕಲ್ಲ. ಸಂಘ, ಫೆಡರೇಷನ್, ಅವುಗಳ ಕ್ಲಬ್ ನಡೆಸುವ ಶಿಬಿರ, ತಂಡದ ಅಭ್ಯಾಸ, ಕೋಚಿಂಗ್, ಅಧಿಕಾರಿಯಾಗಿ ಕೆಲಸ, ಯಾವುದೂ ಇಲ್ಲ. ಒಂದು ಆಟದಲ್ಲಿ ನಿಷೇಧ ಆದರೆ ಎಲ್ಲ ಆಟಕ್ಕೂ ಅನ್ವಯ. ಕುಸ್ತಿಯಲ್ಲಿ ಸಿಕ್ಕವರು ಕಬಡ್ಡಿ ಆಡುವಂತಿಲ್ಲ. ಸರ್ಕಾರದ ಕ್ರೀಡಾ ನೆರವು ನಿಲ್ಲಬಹುದು. ಒಬ್ಬರೇ ಮೈದಾನದಲ್ಲಿ ಓಡುವುದಕ್ಕೆ, ಮನೆಯಲ್ಲಿ ವ್ಯಾಯಾಮಕ್ಕೆ ಅಡ್ಡಿ ಇಲ್ಲ. ತಂಡದ ಜೊತೆ ಅಭ್ಯಾಸಕ್ಕೆ ನಿಷೇಧದ ಕೊನೆಯ 2 ತಿಂಗಳು ಅಥವಾ ಕೊನೆಯ ಕಾಲು ಭಾಗ, ಎರಡರಲ್ಲಿ ಯಾವುದು ಚಿಕ್ಕದೋ ಆಗ ಮರಳಬಹುದು. 4 ತಿಂಗಳ ನಿಷೇಧವಾದರೆ ಕೊನೆಯ 1 ತಿಂಗಳು. 2 ವರ್ಷದ್ದಾದರೆ ಕೊನೆಯ 2 ತಿಂಗಳು.

ಮಧ್ಯದಲ್ಲಿ ಆಡಿ ಸಿಕ್ಕಿಬಿದ್ದರೆ ಮೊದಲಿನಷ್ಟೇ ಉದ್ದದ ಇನ್ನೊಂದು ನಿಷೇಧ ಸೇರಬಹುದು. 2 ವರ್ಷ 4 ಆಗುತ್ತದೆ.

ನಿಷೇಧದಲ್ಲಿದ್ದಾಗಲೂ ಪರೀಕ್ಷೆಗೆ ಕರೆಯಬಹುದು, ಮನೆಗೇ ಬರಬಹುದು. ಫೋನ್ ನಂಬರ್, ವಿಳಾಸ ಬದಲಾದರೆ ನಾಡಾಗೆ ತಿಳಿಸಿ. ಬೇಸರದಲ್ಲಿ ನಿವೃತ್ತಿ ಪತ್ರ ಕೊಡುವ ಮೊದಲು ಇದು ಗೊತ್ತಿರಲಿ: ನಿಷೇಧದ ನಡುವೆ ನಿವೃತ್ತಿಯಾಗಿ ಮತ್ತೆ ಆಡಬೇಕೆಂದರೆ ಕನಿಷ್ಠ 6 ತಿಂಗಳು ಮುಂಚೆ ಬರೆದು ತಿಳಿಸಿ, ಅಷ್ಟೂ ದಿನ ಪರೀಕ್ಷೆಗೆ ಸಿಗುತ್ತಿರಬೇಕು. ನಿವೃತ್ತಿಯಾದ ದಿನ ನಿಷೇಧ 6 ತಿಂಗಳಿಗಿಂತ ಜಾಸ್ತಿ ಉಳಿದಿತ್ತು ಅಂದರೆ ಅಷ್ಟು ಕಾಲ ಮುಂಚೆ ತಿಳಿಸಬೇಕು.

ನಿಷೇಧಿತ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಬದಲಾಗುತ್ತದೆ. ನೀವು ಹೊರಗಿದ್ದಾಗ ಒಂದೆರಡು ಸಲ ಬದಲಾಗಿರುತ್ತದೆ. ಮರಳುವ ಮೊದಲು ನಿತ್ಯ ತಗೊಳ್ಳುವ ಔಷಧಗಳನ್ನು ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. ನಿಷೇಧ ಮುಗಿಯುವ ದಿನಾಂಕವನ್ನು ನಾಡಾದಿಂದ ಬರಹದಲ್ಲಿ ಪಡೆಯಿರಿ. ಅದು ಕೈಗೆ ಬಂದ ಮೇಲೆಯೇ ಮೊದಲ ಕೂಟಕ್ಕೆ ಹೆಸರು ಕೊಡಿ.